ಹದ ನೋಡಿ ಹೊರಡುವುದು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಹೆಸರು ‘ದಕ್ಷಿಣ ಯಾತ್ರೆ ಫೈನಲ್’. ಅದರ ಪಕ್ಕದಲ್ಲೇ ‘ಫೈನಲ್ 2’, ‘ಫೈನಲ್ ಕರೆಕ್ಟೆಡ್’, ‘ಇದೇ ಫೈನಲ್’ ಅಂತ ಇನ್ನೂ ಮೂರು ಕೂತಿವೆ. ಸಾಫ್ಟ್‌ವೇರಿನಲ್ಲಿ ಹತ್ತು ಹನ್ನೆರಡು ವರ್ಷ ಸವೆಸಿದವರಿಗೆ ಇದೇನೂ ಹೊಸದಲ್ಲ ಬಿಡಿ. ಹೊಸದೇನಪ್ಪಾ ಅಂದ್ರೆ, ಈ ಶೀಟು ಯಾವ ಪ್ರಾಜೆಕ್ಟಿಂದೂ ಅಲ್ಲ. ಒಂದು ಹಾಯಿದೋಣಿಯದು.

ವಿಷಯ ಹೀಗೆ. ನಾನಿರೋದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಅನ್ನಾಪೊಲಿಸ್‌ಗೆ ಅರ್ಧ ಗಂಟೆ ದೂರದಲ್ಲಿ. ಚೆಸಪೀಕ್ ಕೊಲ್ಲಿಯ ದಂಡೆಯ ಆ ಊರಲ್ಲಿ ಮನೆಗಳಿಗಿಂತ ದೋಣಿಗಳೇ ಹೆಚ್ಚೇನೋ ಅನ್ನಿಸ್ತದೆ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಹಾಯಿದೋಣಿಗಳ ದೊಡ್ಡ ಮೇಳ ನಡೀತದೆ. ಮೇಳ ಮುಗೀತಿದ್ದ ಹಾಗೆ ಉತ್ತರದ ದೋಣಿಗಳು ಒಂದೊಂದಾಗಿ ದಕ್ಷಿಣಕ್ಕೆ ಹೊರಡ್ತವೆ. ಚಳಿಗಾಲ ಕಳೆಯೋಕೆ ಕೆಲವರು ಫ್ಲಾರಿಡಾಕ್ಕೆ, ಕೆಲವರು ಅದನ್ನೂ ದಾಟಿ ಬಹಾಮಾಸ್‌ಗೆ. ಹೀಗೆ ಹೋಗುವವರನ್ನು ಇಲ್ಲಿ ‘ಸ್ನೋಬರ್ಡ್’ ಅಂತಾರೆ. ನನಗೆ ಅವರನ್ನು ನೋಡಿದಾಗೆಲ್ಲ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ನೆನಪಾಗ್ತದೆ. ಅಲ್ಲಿಗೂ ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬರ್ತಾವೆ. ಅವಕ್ಕೆ ಲೀವ್ ಅಪ್ರೂವಲ್ ಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಟೀಮಿನಲ್ಲಿದ್ದು ಮೂರು ವರ್ಷದ ಹಿಂದೆ ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಅವರನ್ನು ಕ್ಯಾಪ್ಟನ್ ಅಂತಲೇ ಕರೀತೀವಿ. ಅವರ ಹತ್ರ 34 ಅಡಿ ಉದ್ದದ, ಹೆಚ್ಚೂಕಮ್ಮಿ ನನ್ನಷ್ಟೇ ವಯಸ್ಸಿನ ಒಂದು ಹಾಯಿದೋಣಿ ಇದೆ. ಪ್ರತಿ ವರ್ಷ ಗಂಡ ಹೆಂಡತಿ ಇಬ್ಬರೇ ಅದರಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರು. ಈ ವರ್ಷ ಅವರ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಯ್ತು. ಮಾರ್ಚ್ ತಿಂಗಳಲ್ಲಿ ಒಂದು ದಿನ ಕಾಫಿಗೆ ಸಿಕ್ಕಾಗ ‘ನೀನು ಬರ್ತೀಯೇನು?’ ಅಂತ ಕೇಳಿಬಿಟ್ಟರು. ನಾನು ‘ಹೂಂ’ ಅಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. ‘ನಿನಗೆ ಈಜು ಬರಲ್ವಲ್ಲೋ?’

ಬರ್ತಿರಲಿಲ್ಲ, ನಿಜ. ನಮ್ಮೂರಿನ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿಯುತ್ತಿದ್ದ ಕಾಲ ಒಂದಿತ್ತಂತೆ. ನನ್ನ ಸರದಿ ಬರುವ ಹೊತ್ತಿಗೆ ಬಾವಿಯಲ್ಲಿ ನೀರೇ ಇರಲಿಲ್ಲ. ಎರೆಭೂಮಿಯ ಊರು ನಮ್ಮದು. ಹೊಳೆಯಿಲ್ಲ, ಹಳ್ಳ ಮಳೆಗಾಲದಲ್ಲಿ ನಾಲ್ಕು ದಿನ ಹರಿದರೆ ಹೆಚ್ಚು. ಸಮುದ್ರ ನೋಡಿದ್ದು ಬಿಇ ಮೂರನೇ ವರ್ಷದಲ್ಲಿ, ಕಾಲೇಜಿನ ಟೂರಿನಲ್ಲಿ, ಪ್ಯಾಂಟು ಮಡಚಿಕೊಂಡು. ಹಾಗಾಗಿ ಈ ಬೇಸಿಗೆಯಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಆರು ವರ್ಷದ ಮಕ್ಕಳ ಜೊತೆ ಈಜುಕೊಳದ ತುದಿ ಹಿಡಿದುಕೊಂಡು ಕಾಲು ಬಡಿಯುವುದನ್ನು ಕಲಿತೆ. ಆ ಮಕ್ಕಳು ನನಗೆ ಬಹಳ ಧೈರ್ಯ ಹೇಳಿದವು.

ಇನ್ನು ಶೀಟಿಗೆ ಬರೋಣ. ನಿಮಗೂ ಪ್ಲಾನಿಂಗ್ ಅಂದ್ರೆ ಏನು ಅಂತ ಗೊತ್ತಿರ್ತದೆ. ನಾನು ಮಾಡಿದ್ದೂ ಅದೇ: ದೂರ ಬರೆದೆ, ವೇಗ ಬರೆದೆ, ಭಾಗಿಸಿದೆ.

ಅಮೆರಿಕದ ಪೂರ್ವ ಕರಾವಳಿಗೆ ಒಂದು ಅನುಕೂಲ ಇದೆ. ಸಮುದ್ರಕ್ಕೆ ಇಳಿಯದೆ, ಕರಾವಳಿಯ ಒಳಗಿಂದಲೇ ನದಿ, ಹಿನ್ನೀರು, ಕಾಲುವೆಗಳನ್ನು ಜೋಡಿಸಿಕೊಂಡು ಹೋಗುವ ಜಲಮಾರ್ಗ. ಹೆಸರು ಇಂಟ್ರಾಕೋಸ್ಟಲ್ ವಾಟರ್‌ವೇ. ಅದರ ಸೊನ್ನೆ ಮೈಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಅಲ್ಲಿಂದ ಫ್ಲಾರಿಡಾ ಗಡಿ ಸುಮಾರು 715ನೇ ಮೈಲಿ, ಮಯಾಮಿ ಸುಮಾರು 1,090ನೇ ಮೈಲಿ. ದಾರಿಯುದ್ದಕ್ಕೂ ಸೇತುವೆಗಳಿವೆ. ತೆರೆಯದ ಸೇತುವೆಗಳ ಎತ್ತರ ಬಹುತೇಕ ಕಡೆ 65 ಅಡಿ. ನಮ್ಮ ಕಂಬದ ಎತ್ತರ 50 ಅಡಿ, ಚಿಂತೆಯಿಲ್ಲ. ಎತ್ತುವ, ತಿರುಗುವ ಸೇತುವೆಗಳಿಗೆ ರೇಡಿಯೋದಲ್ಲಿ ಕರೆದು ದಾರಿ ಕೇಳಬೇಕು. ಕೆಲವು ಅರ್ಧ ಗಂಟೆಗೊಮ್ಮೆ ಮಾತ್ರ ತೆರೀತವೆ. ಒಂದು ನಿಮಿಷ ತಡವಾದರೂ ಮುಂದಿನ ಸರದಿಗೆ ಕಾಯಬೇಕು.

ದೋಣಿಯ ವೇಗ ಐದೂವರೆ ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್. ಸೈಕಲ್ ಹುಡುಗ ನಮ್ಮನ್ನು ಆರಾಮಾಗಿ ಹಿಂದೆ ಹಾಕ್ತಾನೆ. ದೊಡ್ಡ ಎಂಜಿನ್ ಹಾಕಿದ್ರೆ ಆಗಲ್ವಾ ಅಂತ ಕೇಳಿದ್ದೆ. ಆಗಲ್ಲ. ಇಂಥ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲ ತಗೊಂಡು 1.34ರಿಂದ ಗುಣಿಸಿದರೆ ಬರುವ ನಾಟ್‌ಗಳೇ ಹೆಚ್ಚುಕಡಿಮೆ ಅದರ ಗರಿಷ್ಠ. ನಮ್ಮದು 28 ಅಡಿ, ಅಂದ್ರೆ ಏಳರ ಹತ್ತಿರ. ರಾತ್ರಿ ಆ ಕಾಲುವೆಗಳಲ್ಲಿ ಹೋಗುವುದು ಕ್ಷೇಮವಲ್ಲ. ನವೆಂಬರಿನಲ್ಲಿ ಬೆಳಕಿರೋದೇ ಹತ್ತು ಗಂಟೆ ಚಿಲ್ಲರೆ. ಹೀಗಾಗಿ ದಿನಕ್ಕೆ 50 ಮೈಲಿ. ನನ್ನ ಹತ್ರ ವರ್ಷಕ್ಕೆ 15 ದಿನ ರಜೆ, ಅಂದ್ರೆ ಮೂರು ವಾರ. ಅನ್ನಾಪೊಲಿಸ್‌ನಿಂದ ನಾರ್ಫೋಕ್‌ಗೆ ಮೂರು ದಿನ, ಅಲ್ಲಿಂದ ಫ್ಲಾರಿಡಾ ಗಡಿಗೆ ಹದಿನೈದು ದಿನ, ಮೂರು ದಿನ ಬಫರ್. ಅಕ್ಟೋಬರ್ 18ಕ್ಕೆ ಹೊರಟರೆ ನವೆಂಬರ್ 7ಕ್ಕೆ ನಾನು ಫ್ಲಾರಿಡಾದಲ್ಲಿ! ಎಲ್ಲಾ ಸೆಲ್ಲುಗಳಿಗೂ ಹಸಿರು ಬಣ್ಣ ತುಂಬಿ ಕ್ಯಾಪ್ಟನ್‌ಗೆ ಕಳಿಸಿದೆ.

ಮುಂದಿನ ಶನಿವಾರ ಅವರು ಅದನ್ನು ಪ್ರಿಂಟ್ ತೆಗೆದುಕೊಂಡು ಬಂದಿದ್ದರು. ದೋಣಿಯ ಮೇಜಿನ ಮೇಲಿಟ್ಟು, ಪೆನ್ಸಿಲ್ಲಿನಿಂದ ತಾರೀಖಿನ ಕಾಲಮ್ಮಿನ ಮೇಲೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು. ‘ಉಳಿದದ್ದೆಲ್ಲ ಚೆನ್ನಾಗಿದೆ’ ಅಂದರು. ದೋಣಿಯಲ್ಲಿ ಇರಬಾರದ ಅತ್ಯಂತ ಅಪಾಯದ ವಸ್ತು ಕ್ಯಾಲೆಂಡರು ಅಂತ ಇಲ್ಲಿನ ದೋಣಿಯವರ ಹಳೇ ಮಾತಂತೆ.

ಯಾಕೆ ಅಂತ ಅವತ್ತು ಎರಡು ಗಂಟೆ ಪಾಠ ಆಯ್ತು. ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಈ ದೋಣಿಯ ಇನ್ಶೂರೆನ್ಸ್ ಪ್ರಕಾರ ನವೆಂಬರ್ 1ಕ್ಕೆ ಮೊದಲು ಉತ್ತರ ಕೆರೊಲಿನಾ ದಾಟಿ ಕೆಳಗಿಳಿಯುವಂತಿಲ್ಲ. ಹಾಗಂತ ಕಾಯುತ್ತಾ ಕೂತರೆ ಹಿಂದಿನಿಂದ ಚಳಿ ಬಂದು ಹಿಡೀತದೆ. ಅಕ್ಟೋಬರ್ ಕಳೀತಿದ್ದ ಹಾಗೆ ಕೆಲವು ದಿನಕ್ಕೊಮ್ಮೆ ಉತ್ತರದಿಂದ ತಣ್ಣನೆ ಗಾಳಿಯ ಅಲೆ ಇಳಿದು ಬರ್ತದೆ. ಅದು ಬರುವ ಮುಂಚೆ ಗಾಳಿ ನೈಋತ್ಯದಿಂದ, ಅಂದ್ರೆ ನಮ್ಮ ಮುಖಕ್ಕೇ. ದಾಟಿ ಹೋದಮೇಲೆ ಉತ್ತರದಿಂದ, ಅಂದ್ರೆ ನಮ್ಮ ಬೆನ್ನಿಗೆ. ದಕ್ಷಿಣಕ್ಕೆ ಹೋಗುವವರಿಗೆ ಬೇಕಾದದ್ದು ಈ ಎರಡನೆಯದು. ಆದರೆ ಅದೇ ಉತ್ತರದ ಗಾಳಿ ಹ್ಯಾಟರಸ್ ಭೂಶಿರದ ಹೊರಗೆ ಕಾಲನಾಗ್ತದೆ. ಯಾಕಂದ್ರೆ ಅಲ್ಲಿ ಗಲ್ಫ್ ಸ್ಟ್ರೀಮ್ ಅನ್ನೋ ಬೆಚ್ಚನೆ ಪ್ರವಾಹ ಉತ್ತರಕ್ಕೆ ಹರೀತಿರ್ತದೆ. ಹರಿಯುವ ನೀರಿಗೆ ಎದುರಾಗಿ ಗಾಳಿ ಬೀಸಿದರೆ ಅಲೆಗಳು ಗೋಡೆಗಳ ಹಾಗೆ ನೆಟ್ಟಗೆ ಏಳ್ತವೆ. ಜೊತೆಗೆ ಅಲ್ಲಿ ಜಾಗ ಬದಲಿಸುವ ಮರಳುದಿಬ್ಬಗಳು ಬೇರೆ. ಆ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರು. ಅದಕ್ಕೇ ನಮ್ಮಂಥವರು ಅದನ್ನು ಹೊರಗೆ ಬಿಟ್ಟು ಒಳಗಿನ ಕಾಲುವೆ ಹಿಡಿಯುವುದು. ಒಳಗಾದರೂ ಅಲ್ಬೆಮಾರ್ಲ್ ಸೌಂಡ್ ಅಂತ ಒಂದು ವಿಶಾಲವಾದ, ಆಳ ಕಡಿಮೆ ಇರುವ ಹಿನ್ನೀರಿದೆ. ಗಾಳಿ ಎದ್ದರೆ ಅದೂ ಕಡಾಯಿಯ ಎಣ್ಣೆಯ ಹಾಗೆ ಕುದೀತದೆ. ಅದರ ಮುಂದೆ ಒಂದು ದಿನ ಕಾಯಬೇಕಾಗಬಹುದು, ಐದು ದಿನವೂ ಆಗಬಹುದು.

‘ನಿನ್ನ ಬಫರ್ ಮೂರು ದಿನ ಅಂತ ಬರೆದಿದ್ದೀಯ. ಅದನ್ನು ಗಾಳಿಗೆ ಯಾರು ಹೇಳಿದ್ದಾರೆ?’ ಅಂದರು ಕ್ಯಾಪ್ಟನ್. ಕೊನೆಗೆ ಒಂದು ನಿಯಮ ಹೇಳಿದರು. ಮಧ್ಯದಲ್ಲಿ ಬಂದು ಸೇರಿಕೊಳ್ಳುವ ನೆಂಟರಿಗೆಲ್ಲ ಅವರು ಹೇಳೋದು ಇದೇ: ನೀನು ಜಾಗ ಆರಿಸಿಕೋ, ಇಲ್ಲಾ ತಾರೀಖು ಆರಿಸಿಕೋ. ಎರಡನ್ನೂ ಕೇಳಬೇಡ.

ವಾಪಸ್ ಕಾರು ಓಡಿಸುತ್ತಾ ಬರುವಾಗ ನನಗೆ ನಗು ಬಂತು. ಅವರು ಎರಡು ಗಂಟೆ ಹೇಳಿದ್ದಕ್ಕೆ ನಮ್ಮೂರಲ್ಲಿ ಎರಡಕ್ಷರದ ಮಾತಿದೆ. ಹದ. ಹಿಂಗಾರಿ ಬಿತ್ತನೆ ಯಾವತ್ತು ಅಂತ ನಮ್ಮಪ್ಪನನ್ನು ಕೇಳಿ ನೋಡಿ, ತಾರೀಖು ಹೇಳಲ್ಲ. ‘ಹದಾ ಆದ್ ಮ್ಯಾಲೆ’ ಅಂತಾನೆ. ಮಳೆ ಬಂದ ಮರುದಿನ ಎರೆಹೊಲಕ್ಕೆ ಕಾಲಿಟ್ಟರೆ ಮಣ್ಣು ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ತದೆ. ವಾರ ಬಿಟ್ಟರೆ ಮೇಲ್ಮಣ್ಣು ಬಿರಿದು ಕಾಳು ಹುಟ್ಟಲ್ಲ. ನಡುವೆ ಎರಡೋ ಮೂರೋ ದಿನ ಇರ್ತದೆ ನೋಡಿ, ಅದು ಹದ. ಅಪ್ಪ ಒಂದು ಹಿಡಿ ಮಣ್ಣು ತಗೊಂಡು ಹಿಸುಕಿ ನೋಡ್ತಾನೆ. ಉಂಡೆಯಾಗಬೇಕು, ಬೆರಳಿಗೆ ಅಂಟಬಾರದು. ಅವನಿಗೂ ಕ್ಯಾಲೆಂಡರ್ ಇದೆ, ಆದರೆ ಅದು ಹಸ್ತ, ಚಿತ್ತಿ, ಸ್ವಾತಿ ಅಂತ ಮಳೆಗಳ ಕ್ಯಾಲೆಂಡರು.

ಇದೆಲ್ಲ ಆಗಿ, ಎಕ್ಸೆಲ್ಲಿನಿಂದ ತಾರೀಖು ತೆಗೆದುಹಾಕಿ, ಆಗಸ್ಟ್ ಕೊನೆಯಲ್ಲಿ ನಾನು ಲೈಫ್ ಜಾಕೆಟ್ ಕೊಳ್ಳೋ ಹೊತ್ತಿಗೆ ಅಕ್ಕನ ಫೋನು ಬಂತು.

‘ತಮ್ಮಾ, ಅಪ್ಪ ನಿನಗ ಹೇಳಿಲ್ಲಂತ ಕಾಣ್ತೈತಿ. ಈ ಹಿಂಗಾರಿ ಮುಗಿದ ಮ್ಯಾಲೆ ಎತ್ತು ಮಾರ್ತಾನಂತ. ಹೊಲಾ ಲಾವಣಿಗಿ ಹಾಕ್ತಾನಂತ. ಇದ ಕಡೀ ಬಿತ್ತಿಗಿ ಅಂದಾನ.’

ಅಪ್ಪನಿಗೆ ಎಪ್ಪತ್ತೆರಡು. ಒಂದಲ್ಲ ಒಂದು ದಿನ ಇದು ಆಗುವುದೇ ಅಂತ ಗೊತ್ತಿತ್ತು. ಲಾವಣಿಗೆ ಹಾಕು, ಯಾಕಿಷ್ಟು ಒದ್ದಾಡ್ತಿ ಅಂತ ನಾನೇ ನಾಲ್ಕು ವರ್ಷದಿಂದ ಹೇಳ್ತಾ ಬಂದಿದ್ದೆ. ಈಗ ಅವನು ನನ್ನ ಮಾತು ಕೇಳಿದ್ದಾನೆ. ಕೇಳಿದ್ದಕ್ಕೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಿಇ ಸೇರಿದ ಮೇಲೆ ಬಿತ್ತನೆ ಹೊತ್ತಿಗೆ ಒಂದು ವರ್ಷವೂ ನಾನು ಊರಲ್ಲಿರಲಿಲ್ಲ. ಇಂಟರ್ನಲ್ಸ್ ಇರ್ತಿತ್ತು, ಆಮೇಲೆ ರಿಲೀಸ್ ಇರ್ತಿತ್ತು. ಹದಿನೆಂಟು ಬಿತ್ತನೆ ಹೋಗಿದ್ದವು.

ಅಪ್ಪನಿಗೆ ಫೋನ್ ಮಾಡಿದೆ. ಹೊಲದ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ‘ಅಪ್ಪಾ, ಬಿತ್ತಿಗಿಗೆ ಬರ್ತೀನಿ’ ಅಂದೆ.

‘ದೋಣಿಗಿ ಹೋಗ್ತೀನಿ ಅಂದಿದ್ದೆಲಾ?’

‘ಅದನ್ನ ಆಮ್ಯಾಲೆ ನೋಡಿದ್ರಾತು. ಯಾವಾಗ ಬರ್ಲಿ?’

‘ನನಗೇನ್ ಗೊತ್ತೋ ತಮ್ಮಾ. ಮಳಿ ಕೇಳಬೇಕು.’

ವಿಮಾನದ ಟಿಕೆಟ್ಟಿಗೆ ತಾರೀಖು ಬೇಕು. ಹದ ಅಂತ ಟೈಪ್ ಮಾಡಿದ್ರೆ ತಗೊಳಲ್ಲ. ಹಳೆಯ ನಾಲ್ಕೈದು ವರ್ಷದ್ದು ಅಕ್ಕನಿಂದ ಕೇಳಿಕೊಂಡು, ಅಕ್ಟೋಬರ್ 4ಕ್ಕೆ ಊರು ತಲುಪಿ 18ಕ್ಕೆ ಹೊರಡುವ ಹಾಗೆ ಬುಕ್ ಮಾಡಿದೆ. ಹತ್ತು ದಿನ ರಜೆ ಹೋಯ್ತು. ಎರಡು ದಿನ ಬೇಸಿಗೆಯಲ್ಲಿ ಜ್ವರಕ್ಕೆ ಹೋಗಿತ್ತು. ಉಳಿದದ್ದು ಮೂರು. ಕ್ಯಾಪ್ಟನ್‌ಗೆ ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಮ್ಮ ಸೋದರನನ್ನು ಜೊತೆಗೆ ಒಪ್ಪಿಸಿದರು. ನಾನು ಹೊಸ ಶೀಟು ಮಾಡಿದೆ: ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಗುರುವಾರ ಶುಕ್ರವಾರ ಹೇಗೂ ರಜೆ, ಉಳಿಸಿದ ಮೂರು ದಿನ ಸೇರಿಸಿದರೆ ಶನಿವಾರದಿಂದ ಭಾನುವಾರದವರೆಗೆ ಒಂಬತ್ತು ದಿನ. ಅವರು ಎಲ್ಲಿರ್ತಾರೋ ಅಲ್ಲಿಗೆ ಹೋಗಿ ಸೇರಿಕೊಳ್ಳೋದು. ತಾರೀಖು ನನ್ನದು, ಜಾಗ ಗಾಳಿಯದು.

ಊರಿಗೆ ಹೋದೆ. ಹಸ್ತ ಮಳೆ ಪೂರ್ತಿ ಕೈಕೊಟ್ಟಿತ್ತು. ಹೊಲ ಹರಗಿ ಇಟ್ಟಿದ್ದರು, ಬೀಜ ಮನೆಗೆ ಬಂದಿತ್ತು, ಕೂರಿಗೆ ತೊಳೆದು ಕಟ್ಟೆಗೆ ಒರಗಿಸಿತ್ತು. ನಾನೂ ಅಪ್ಪನೂ ದಿನಾ ಬೆಳಿಗ್ಗೆ ಆಕಾಶ ನೋಡ್ತಾ ಕೂತ್ವಿ. ನನ್ನ ಫೋನಿನಲ್ಲಿ ಎರಡು ವಿಂಡೋ ತೆರೆದಿರ್ತಿತ್ತು. ಒಂದರಲ್ಲಿ ಅಟ್ಲಾಂಟಿಕ್‌ನ ಹರಿಕೇನ್ ನಕ್ಷೆ, ಇನ್ನೊಂದರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಅಲ್ಲಿ ಎದ್ದರೆ ಭಯ, ಇಲ್ಲಿ ಏಳದಿದ್ದರೆ ಭಯ.

ಒಂದು ಸಂಜೆ ಅಪ್ಪ ‘ನಿನ್ನ ದೋಣಿ ದಾರಿ ತೋರ್ಸು’ ಅಂದ. ಟ್ಯಾಬಿನಲ್ಲಿ ಚಾರ್ಟ್ ತೆರೆದು ತೋರಿಸಿದೆ. ದೋಣಿ ನೀರೊಳಗೆ ಎಷ್ಟು ಇಳೀತದೆ ಅಂತ ಕೇಳಿದ. ಐದು ಅಡಿ ಅಂದೆ. ಕಾಲುವೆ ಎಷ್ಟು ಆಳ? ಕೆಲವು ಕಡೆ ಆರೇ ಅಡಿ. ‘ಒಂದ ಅಡಿ ಮ್ಯಾಲೆ ನಂಬಿ ಹೋಗ್ತೀರೇನು!’ ಅಂತ ಅವ್ವನ ಕಡೆ ನೋಡಿದ. ನಾರ್ಫೋಕ್‌ನ ಕೆಳಗೆ ಡಿಸ್ಮಲ್ ಸ್ವಾಂಪ್ ಅಂತ ಒಂದು ಜೌಗು ಕಾಡು, ಅದರ ಮಧ್ಯೆ 22 ಮೈಲಿ ಉದ್ದದ ನೆಟ್ಟಗಿನ ಕಾಲುವೆ ಇದೆ, 1805ರಲ್ಲಿ ತೆರೆದದ್ದು, ಅದನ್ನು ನೋಡಬೇಕು ಅಂತ ಆಸೆಯಿತ್ತು ಅಂದೆ.

‘ಯಾರ್ ತೋಡಿದ್ರು?’

ನಾನು ಆ ಕಾಲುವೆಯ ಆಳ, ಅಗಲ, ಲಾಕ್ ಗೇಟ್ ತೆರೆಯುವ ಹೊತ್ತು ಎಲ್ಲಾ ಶೀಟಿನಲ್ಲಿ ಬರೆದಿದ್ದೆ. ಅದನ್ನು ಬರೆದಿರಲಿಲ್ಲ. ತೋಡಿದ್ದು ಗುಲಾಮರು. ಒಡೆಯರು ಅವರನ್ನು ಬಾಡಿಗೆಗೆ ಕೊಡುತ್ತಿದ್ದರು. ಸೊಂಟದ ತನಕ ಕೆಸರಿನಲ್ಲಿ ನಿಂತು, ಕೈಯಿಂದ, ಹನ್ನೆರಡು ವರ್ಷ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಹೋದಾಗ ಸಾವಕಾಶ ಹೋಗ್ರಿ’ ಅಂದ.

ಜಾರ್ಜಿಯಾದಲ್ಲಿ ಸಮುದ್ರದ ನೀರು ದಿನಕ್ಕೆರಡು ಸಲ ಏಳೆಂಟು ಅಡಿ ಏರಿ ಇಳೀತದೆ, ಅಲ್ಲಿ ಲೆಕ್ಕ ತಪ್ಪಿದರೆ ದೋಣಿ ಕೆಸರಿನ ಮೇಲೆ ಕೂತುಬಿಡ್ತದೆ ಅಂತಲೂ ಹೇಳಿದೆ. ‘ಅಮಾಸಿ ಹುಣ್ಣಿಮಿಗೆ ಜಾಸ್ತಿ ಇರಬೇಕಲಾ?’ ಅಂದ. ಸಮುದ್ರ ಒಮ್ಮೆಯೂ ನೋಡದ ಮನುಷ್ಯ. ಸರಿಯಾಗೇ ಹೇಳಿದ್ದ.

ಅಕ್ಟೋಬರ್ 14ರ ರಾತ್ರಿ ಚಿತ್ತಿ ಮಳೆ ಹಿಡೀತು. 15ಕ್ಕೂ ಬಿಡಲಿಲ್ಲ. 17ಕ್ಕೆ ಅಪ್ಪ ಹೊಲಕ್ಕೆ ಹೋಗಿ ಮಣ್ಣು ಹಿಸುಕಿದ. ಬೆರಳಿಗೆ ಅಂಟಿತು. ‘ಇನ್ನ ಎರಡ ದಿನಾ’ ಅಂದ. ನನ್ನ ವಿಮಾನ ಮರುದಿನ.

ಅವನು ಇರು ಅನ್ನಲಿಲ್ಲ. ಆ ಮಾತು ಅವನ ಬಾಯಿಂದ ಯಾವತ್ತೂ ಬಂದಿಲ್ಲ. ಮನೆಗೆ ಬಂದು ಚಹಾ ಕುಡಿದು, ನನ್ನ ಬ್ಯಾಗಿನ ಚೈನು ಸರಿಯಾಗಿ ಹಾಕಿದೆಯೋ ಇಲ್ಲವೋ ನೋಡಿದ. ನಾನು ಹಿತ್ತಲಿಗೆ ಹೋಗಿ, ಸಿಗ್ನಲ್ ಸಿಗುವ ಬೇವಿನ ಗಿಡದ ಕೆಳಗೆ ನಿಂತು ಟಿಕೆಟ್ ಮುಂದಕ್ಕೆ ಹಾಕಿದೆ. ದಂಡದ ದುಡ್ಡು ಹೇಳಿದರೆ ಅವ್ವ ಉಪವಾಸ ಬೀಳ್ತಾಳೆ, ಅದಕ್ಕೆ ಇಲ್ಲೂ ಬರೆಯಲ್ಲ. ಮ್ಯಾನೇಜರ್‌ಗೆ ಮೆಸೇಜ್ ಹಾಕಿದೆ. ಉಳಿದಿದ್ದ ಮೂರು ದಿನ ರಜೆ ಅಲ್ಲಿಗೆ ಖಾಲಿ. ದೋಣಿಯ ಒಂಬತ್ತು ದಿನ ನಾಲ್ಕಾಯ್ತು.

19ಕ್ಕೆ ಕೂರಿಗೆ ಪೂಜೆ ಮಾಡಿ ಹೂಡಿದ್ವಿ. ಎತ್ತು ಹೊಡೆಯೋಕೆ ನನ್ನ ಕೈಲಿ ಕೊಟ್ಟ ಅಪ್ಪ, ಇಪ್ಪತ್ತು ಹೆಜ್ಜೆ ಆಗುತ್ತಲೇ ವಾಪಸ್ ಇಸಿದುಕೊಂಡ. ಸಾಲು ಸೊಟ್ಟಗಾಗಿತ್ತು. ‘ದೋಣೀನೂ ಹಿಂಗ ಹೊಡೀತಿಯೇನು?’ ಅಂದ. ಅಕ್ಕ ನಕ್ಕು ನಕ್ಕು ಕೂತುಬಿಟ್ಟಳು. ಆಮೇಲೆ ಎರಡು ದಿನ ನಾನು ಬೀಜದ ಚೀಲ ಹೊತ್ತೆ, ನೀರು ತಂದೆ, ಸಂಜೆ ಎತ್ತುಗಳನ್ನು ಗೂಟಕ್ಕೆ ಕಟ್ಟಿದೆ. ಎಷ್ಟು ಜಗ್ಗಿದರೂ ಬಿಚ್ಚದ, ತುದಿ ಹಿಡಿದು ಒಂದು ಸಲ ಎಳೆದರೆ ಸರಕ್ಕನೆ ಬಿಡುವ ಆ ಗಂಟು ಕೈಗೆ ಮರೆತಿರಲಿಲ್ಲ. ಸಾಲಿನ ಕೊನೆಗೆ ಹೋಗಿ ಅಪ್ಪ ತಿರುಗಿ ನಿಂತು ಹೊಲ ನೋಡಿದ. ಫೋಟೋ ತೆಗೆಯಬೇಕು ಅಂದುಕೊಂಡೆ, ತೆಗೆಯಲಿಲ್ಲ.

ಇದನ್ನು ಬರೀತಿರೋದು ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ಸೋಮವಾರ. ಕ್ಯಾಪ್ಟನ್ ಅನ್ನಾಪೊಲಿಸ್ ಬಿಟ್ಟಿದ್ದು 18ಕ್ಕಲ್ಲ, 23ಕ್ಕೆ. ಅಲ್ಬೆಮಾರ್ಲ್ ಸೌಂಡಿನ ಮುಂದೆ ನಾಲ್ಕು ದಿನ ಗಾಳಿಗೆ ಕೂತರು. ಚಾರ್ಲ್‌ಸ್ಟನ್‌ನಲ್ಲಿ ಎಂಜಿನ್ನಿನ ನೀರಿನ ಪಂಪಿಗೆ ಮೂರು ದಿನ. ಈಗ ಸವಾನಾ ಹತ್ತಿರ ಲಂಗರು ಹಾಕಿದ್ದಾರೆ. ಹಬ್ಬಕ್ಕೆ ಅವರ ಸೋದರ ಮನೆಗೆ ಹೋಗಬೇಕು, ಆ ಮೂರು ದಿನಕ್ಕೆ ಇನ್ನೊಬ್ಬರು ಕೈ ಬೇಕು ಅಂದಿದ್ದಾರೆ. ನನ್ನ ಹಳೇ ಶೀಟಿನ ಪ್ರಕಾರ ಅವರು ಈ ಹೊತ್ತಿಗೆ ಮಯಾಮಿಯಲ್ಲಿರಬೇಕಿತ್ತು. ಡಿಸ್ಮಲ್ ಸ್ವಾಂಪ್ ನನಗೆ ಈ ವರ್ಷ ತಪ್ಪಿತು. ನನ್ನ ಪಾಲಿಗೆ ಸಿಕ್ಕಿದ್ದು ಜಾರ್ಜಿಯಾದ ಏರಿಳಿತದ ನೀರು.

ಬುಧವಾರ ಸಂಜೆ ಒಂದೇ ಕಡೆಯ ಬಾಡಿಗೆ ಕಾರು ಹಿಡಿದು ಹತ್ತು ಗಂಟೆ ಓಡಿಸಿದರೆ ಗುರುವಾರ ಬೆಳಿಗ್ಗೆ ಅಲ್ಲಿರ್ತೀನಿ. ದೋಣಿಗೆ ಗಟ್ಟಿ ಸೂಟ್‌ಕೇಸ್ ತರಬಾರದು, ಮಡಚಿ ಇಡೋಕೆ ಬರಲ್ಲ, ಬಟ್ಟೆಯ ಬ್ಯಾಗೇ ಬೇಕು. ಅದರಲ್ಲಿ ಲೈಫ್ ಜಾಕೆಟ್, ಟಾರ್ಚು, ಎರಡು ಸ್ವೆಟರು. ಮೇಲೆ ಅವ್ವ ಕಟ್ಟಿಕೊಟ್ಟ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಫ್ರಿಜ್ಜು ಬೇಡ, ಒಲೆ ಬೇಡ, ತಿಂಗಳಾದರೂ ಕೆಡಲ್ಲ. ಹಾಯಿದೋಣಿಗೆ ಇದಕ್ಕಿಂತ ಒಳ್ಳೇ ಊಟ ಇರಲಿಕ್ಕಿಲ್ಲ ಅಂತ ಕ್ಯಾಪ್ಟನ್‌ಗೆ ಆಗಲೇ ಬರೆದು ಹಾಕಿದ್ದೀನಿ.

ಈಗಷ್ಟೇ ಅಕ್ಕ ಹೊಲದ ವಿಡಿಯೋ ಕಳಿಸಿದಳು. ಜೋಳ ಮೊಣಕಾಲು ಮುಟ್ಟುವ ಎತ್ತರಕ್ಕೆ ಬಂದಿದೆ. ಬದುವಿನ ಪಕ್ಕದ ಮೊದಲ ಸಾಲು ಇಪ್ಪತ್ತು ಹೆಜ್ಜೆಯಷ್ಟು ಸೊಟ್ಟಗಿದೆ, ಆಮೇಲೆ ನೆಟ್ಟಗಾಗ್ತದೆ. ಎತ್ತು ಕೊಳ್ಳೋಕೆ ಮುಂದಿನ ವಾರ ಯಾರೋ ನೋಡಲು ಬರ್ತಾರಂತೆ. ವಿಡಿಯೋದ ಕೊನೆಗೆ ಅಪ್ಪನ ದನಿ ಕೇಳ್ತದೆ, ಮುಖ ಕಾಣಲ್ಲ. ‘ಅವಂಗ ಕೇಳು, ಗುರುವಾರ ಗಾಳಿ ಯಾವ ಕಡೀದು ಅಂತ.’

ನೋಡಿದೆ. ವಾಯವ್ಯದ್ದು.